ಬೈಸಿಕಲ್ ಥೀವ್ಸ್: ಗಲ್ಲಿ ದಾಟದ ನಂಬಿಕೆ

ವಿತ್ತೋರಿಯೊ ದೆ ಸೀಕಾ ನಿರ್ದೇಶಿಸಿದ ಇಟಲಿಯ ಕಪ್ಪು-ಬಿಳುಪು ಚಿತ್ರ 'ಲಾದ್ರಿ ದಿ ಬಿಚಿಕ್ಲೆತ್ತೆ' 1948ರ ನವೆಂಬರಿನಲ್ಲಿ ತೆರೆಕಂಡಿತು. ನಮ್ಮಲ್ಲಿ ಅದು 'ಬೈಸಿಕಲ್ ಥೀವ್ಸ್' ಎಂದೇ ಪರಿಚಿತ. ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಬಹುದು. ಬಹುಕಾಲದಿಂದ ಕೆಲಸವಿಲ್ಲದ ಆಂತೋನಿಯೊ ರಿಚ್ಚಿಗೆ ರೋಮ್ ನಗರದ ಗೋಡೆಗಳಿಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ. ಅದಕ್ಕೆ ಸೈಕಲ್ ಇರಲೇಬೇಕು. ಕೆಲಸದ ಮೊದಲ ದಿನವೇ ಆ ಸೈಕಲ್ ಕಳುವಾಗುತ್ತದೆ. ಮರುದಿನ ಭಾನುವಾರ ಅವನೂ ಅವನ ಎಳೆಯ ಮಗ ಬ್ರೂನೊನೂ ಊರೆಲ್ಲ ಹುಡುಕಿ, ಸಿಗದೆ, ಕೊನೆಗೆ ತಂದೆಯೇ ಒಂದು ಸೈಕಲ್ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಚೆಸಾರೆ ಜವಾತ್ತೀನಿ ಮತ್ತಿತರರು ಸೇರಿ ಬರೆದ ಚಿತ್ರಕಥೆ, ಕಾರ್ಲೊ ಮೊಂತುವೋರಿಯ ಛಾಯಾಗ್ರಹಣ, ಅಲೆಸ್ಸಾಂದ್ರೊ ಚಿಕೊನ್ಯೀನಿಯ ಸಂಗೀತ ಇರುವ ಈ ಚಿತ್ರದ ಅವಧಿ ಸುಮಾರು ಒಂದೂವರೆ ಗಂಟೆ. ಇಟಲಿಯ ನವವಾಸ್ತವವಾದದ ಪ್ರಾತಿನಿಧಿಕ ಕೃತಿ ಎಂದು ಎಲ್ಲ ಕೈಪಿಡಿಗಳೂ ಇದನ್ನು ಹೆಸರಿಸುತ್ತವೆ, ಬಡತನದ ಚಿತ್ರ ಎಂದು ವರ್ಣಿಸುತ್ತವೆ. ಆ ವರ್ಣನೆ ತಪ್ಪಲ್ಲ, ಆದರೆ ಸಾಲದು. ಬಡತನ ಈ ಚಿತ್ರದ ನೆಲ. ಅದರ ಮೇಲೆ ಕಥೆಯನ್ನು ನಡೆಸುವುದು ಅಪನಂಬಿಕೆ. ಅದೂ ಒಂದು ವಿಶೇಷ ಬಗೆಯ ಅಪನಂಬಿಕೆ. ಇಲ್ಲಿನ ರೋಮ್ ನಂಬಿಕೆಯೇ ಸತ್ತುಹೋದ ಊರಲ್ಲ. ಪ್ರತಿ ಗಲ್ಲಿಯಲ್ಲೂ ಪ್ರತಿ ಗುಂಪಿನಲ್ಲೂ ಅದು ಗಟ್ಟಿಯಾಗಿಯೇ ಇದೆ, ಆದರೆ ಆ ಗಲ್ಲಿಯನ್ನು ದಾಟಿ ಹೊರಗೆ ಬರುವುದಿಲ್ಲ.

ಚಿತ್ರದ ಮೊದಲ ಹದಿನೈದು ನಿಮಿಷಗಳನ್ನು ಗಮನಿಸಿದರೆ ಈ ಮಾತಿನ ಮೊದಲರ್ಧ ತಿಳಿಯುತ್ತದೆ. ವಾಲ್ ಮೆಲಾಯಿನಾ ಎಂಬ ಹೊರವಲಯದ ಬಡಾವಣೆಯಲ್ಲಿ ನೌಕರಿ ಕಚೇರಿಯವನು ಮೆಟ್ಟಿಲ ಮೇಲೆ ನಿಂತು ರಿಚ್ಚಿಯ ಹೆಸರು ಕೂಗುತ್ತಾನೆ. ರಿಚ್ಚಿ ಗುಂಪಿನಲ್ಲಿಲ್ಲ, ಬೇಸತ್ತು ದೂರದಲ್ಲಿ ಕೂತಿದ್ದಾನೆ. ಅವನನ್ನು ಓಡಿಹೋಗಿ ಕರೆತರುವವನು ಇನ್ನೊಬ್ಬ ನಿರುದ್ಯೋಗಿ. ಸೈಕಲ್ ಬೇಕೆಂಬ ಮಾತು ಬಂದದ್ದೇ ತಡ, ತಮ್ಮಲ್ಲಿ ಸೈಕಲ್ ಇದೆ, ಕೆಲಸ ತಮಗೆ ಕೊಡಿ ಎಂದು ಮೂರ್ನಾಲ್ಕು ಕಂಠಗಳು ಏಳುತ್ತವೆ. ಉಪಕಾರವೂ ಪೈಪೋಟಿಯೂ ಅದೇ ಗುಂಪಿನಿಂದ, ಅದೇ ಉಸಿರಿನಲ್ಲಿ ಹೊರಡುತ್ತವೆ. ರಿಚ್ಚಿಯ ಸೈಕಲ್ ಗಿರವಿಯಲ್ಲಿದೆ. ಹೆಂಡತಿ ಮರಿಯಾ ಬೀದಿ ನಲ್ಲಿಯಿಂದ ನೀರು ಹೊತ್ತು ಬಂದವಳು ಗಂಡನ ಗೋಳು ಕೇಳಿ ಹಾಸಿಗೆಯ ಮೇಲಿನ ಬಟ್ಟೆಗಳನ್ನು ಎಳೆದು ತೆಗೆಯುತ್ತಾಳೆ, ತೊಳೆಯುತ್ತಾಳೆ, ತನ್ನ ಮದುವೆಗೆ ಬಂದ ಹೊಸ ಬಟ್ಟೆಗಳನ್ನೂ ಸೇರಿಸಿ ಗಂಟು ಕಟ್ಟುತ್ತಾಳೆ. ಗಿರವಿ ಅಂಗಡಿಯ ಕಿಂಡಿಯಲ್ಲಿ ಗುಮಾಸ್ತ ಎಣಿಸಿ, ತಿರುವಿ ನೋಡಿ, ಒಂದು ಬೆಲೆ ಹೇಳುತ್ತಾನೆ. ಇನ್ನಷ್ಟು ಕೊಡಿ ಎಂದು ಅವಳು ಕೇಳಿಕೊಂಡ ಮೇಲೆ 7500 ಲೀರಾಕ್ಕೆ ಒಪ್ಪುತ್ತಾನೆ. ಆಮೇಲೆ ಕ್ಯಾಮೆರಾ ಆ ಗಂಟಿನ ಬೆನ್ನು ಹತ್ತುತ್ತದೆ. ಒಬ್ಬ ಆಳು ಅದನ್ನು ಹೊತ್ತು ಗೋಡೆಯುದ್ದಕ್ಕೂ ಎದ್ದ ಕಪಾಟಿನ ಮೇಲೆ ಹತ್ತುತ್ತಾನೆ, ಒಂದು ಅಂತಸ್ತು, ಎರಡನೆಯದು, ಇನ್ನೂ ಮೇಲೆ. ಚಾವಣಿಯವರೆಗೂ ಅಂಥದೇ ಗಂಟುಗಳು. ಒಂದು ಊರಿನ ಹಾಸಿಗೆಗಳೆಲ್ಲ ಅಲ್ಲಿವೆ. ಬಡತನದ ಬಗ್ಗೆ ಚಿತ್ರ ಹೇಳಬೇಕಾದ್ದನ್ನು ಇಲ್ಲಿಗೇ ಹೇಳಿ ಮುಗಿಸಿತು. ಮುಂದಿನ ಒಂದು ಗಂಟೆಗೂ ಹೆಚ್ಚು ಕಾಲ ಅದು ಬೇರೆ ಏನನ್ನೋ ಹುಡುಕುತ್ತಿದೆ.

ಆ ಬೇರೆ ಏನೋ ಎಂಬುದರ ಮೊದಲ ಸುಳಿವು ಕಳವಿಗೂ ಮುಂಚೆಯೇ ಸಿಗುತ್ತದೆ. ಗಂಡನಿಗೆ ಕೆಲಸ ಸಿಗುವುದೆಂದು ಭವಿಷ್ಯ ನುಡಿದಿದ್ದ ಕಣಿ ಹೇಳುವ ಹೆಂಗಸಿಗೆ ಕಾಣಿಕೆ ಸಲ್ಲಿಸಲು ಮರಿಯಾ ಒಂದು ಮಹಡಿ ಮನೆಗೆ ಹೋಗುತ್ತಾಳೆ. ಕಾದು ಸಾಕಾದ ರಿಚ್ಚಿ ಬೀದಿಯಲ್ಲಿ ಆಡುತ್ತಿದ್ದ ಒಬ್ಬ ಹುಡುಗನಿಗೆ ಸೈಕಲ್ ನೋಡಿಕೊಳ್ಳಲು ಹೇಳಿ ಒಳಗೆ ಹೋಗುತ್ತಾನೆ. ಚಿತ್ರದ ಹೆಸರು ತಿಳಿದ ಪ್ರೇಕ್ಷಕ ಇಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಆದರೆ ಅವರು ಹೊರಬಂದಾಗ ಸೈಕಲ್ ಇದ್ದಲ್ಲೇ ಇದೆ. ದೆ ಸೀಕಾ ಪ್ರೇಕ್ಷಕನನ್ನು ಸುಮ್ಮನೆ ಆಟವಾಡಿಸಿದ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಗುರುತಿಲ್ಲದ ಹುಡುಗನೊಬ್ಬನನ್ನು ನಂಬಿದ ರಿಚ್ಚಿಯನ್ನು ನಾವು ಒಮ್ಮೆ ನೋಡಿರಬೇಕು. ಆಗಲೇ ಮರುದಿನ ಸಂತೆಯಲ್ಲಿ ಸಿಕ್ಕಸಿಕ್ಕವರನ್ನು ಕಣ್ಣಲ್ಲೇ ತಡಕುವ ರಿಚ್ಚಿ ಅದೇ ಮನುಷ್ಯನೇ ಎಂಬುದು ನಾಟುವುದು. ಅವನು ಹುಟ್ಟಾ ಸಂಶಯಪಿಶಾಚಿಯಲ್ಲ. ಒಂದೇ ದಿನದಲ್ಲಿ ಹಾಗಾದವನು.

ಊರು ಹಾಗಾಗಲು ಮಾತ್ರ ಒಂದು ದಿನ ಸಾಲದು, ಅದಕ್ಕೆ ಇಪ್ಪತ್ತೈದು ವರ್ಷ ಹಿಡಿದಿತ್ತು. 1922ರಿಂದ ಮುಸ್ಸೊಲಿನಿಯ ಆಡಳಿತ, ಅದರ ಗುಪ್ತ ಪೊಲೀಸು, ನೆರೆಮನೆಯವನ ಮೇಲೆ ಬರೆದುಕೊಡುವ ಚಾಡಿಗಳು. 1943ರ ಸೆಪ್ಟೆಂಬರಿನಿಂದ 1944ರ ಜೂನ್ 4ರವರೆಗೆ ಜರ್ಮನ್ ಸೇನೆಯ ಹಿಡಿತ. ಪಡಿತರದ ಚೀಟಿ, ಅದರ ಬೆನ್ನಿಗೇ ಕಾಳಸಂತೆ. ಇಷ್ಟನ್ನೂ ದಾಟಿ ಬದುಕುಳಿದವರು ಯಾರನ್ನು ನಂಬಬೇಕು, ಎಷ್ಟು ದೂರ ನಂಬಬೇಕು ಎಂಬ ಲೆಕ್ಕ ಕಲಿತೇ ಉಳಿದವರು. ಅದೇ ಆಡಳಿತ ರೋಮಿನ ನಡುವಣ ಹಳೆಯ ಕೇರಿಗಳನ್ನು ಒಡೆದು ಬಡವರನ್ನು ಊರಾಚೆಯ ಬಡಾವಣೆಗಳಿಗೆ ಸಾಗಿಸಿತ್ತು. ವಾಲ್ ಮೆಲಾಯಿನಾದ ಕಟ್ಟಡಗಳು ಆ ಕಾಲದವು. ಕೆಲಸ ನಗರದೊಳಗೆ, ಮನೆ ಬಯಲಿನ ಅಂಚಿಗೆ. ಹಾಗಾಗಿಯೇ ಒಂದು ಸೈಕಲ್‌ಗೆ ಅಷ್ಟು ತೂಕ. 1939ರ ಒಂದು ಕಾನೂನು ಇನ್ನೂ ವಿಚಿತ್ರವಾದದ್ದು. ನಗರದಲ್ಲಿ ವಾಸದ ನೋಂದಣಿ ಬೇಕಾದರೆ ಕೆಲಸ ಇರಬೇಕು, ಕೆಲಸ ಬೇಕಾದರೆ ನೋಂದಣಿ ಇರಬೇಕು ಎಂಬಂತೆ ಅದು ವಲಸಿಗರನ್ನು ಅಡಕತ್ತರಿಯಲ್ಲಿ ಸಿಕ್ಕಿಸಿತು. ಸರ್ವಾಧಿಕಾರ ಬಿದ್ದರೂ ಕಾನೂನು ಬೀಳಲಿಲ್ಲ, 1961ರವರೆಗೂ ಉಳಿಯಿತು. ಸೈಕಲ್ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಸೈಕಲ್ ಇಲ್ಲ ಎಂಬ ರಿಚ್ಚಿಯ ಪಾಡು ಕಥೆಗಾರರು ಕುಶಾಲಿಗೆ ಹೆಣೆದ ಗಂಟಲ್ಲ. ಅಂಥ ಗಂಟುಗಳು ಅಲ್ಲಿ ಸರಕಾರಿ ಕಡತದಲ್ಲೇ ಇದ್ದವು.

ಕಳವಿನ ದೃಶ್ಯಕ್ಕೆ ಬರೋಣ. ರಿಚ್ಚಿ ಏಣಿಯ ಮೇಲೆ ನಿಂತು, ಹಾಲಿವುಡ್ ನಟಿ ರೀಟಾ ಹೇವರ್ತಳ ಪೋಸ್ಟರನ್ನು ಗೋಡೆಗೆ ಅಂಟಿಸಿ ಸುಕ್ಕು ತೀಡುತ್ತಿದ್ದಾನೆ. ಕಳ್ಳನ ಜೊತೆಗೆ ಇನ್ನಿಬ್ಬರಿದ್ದಾರೆ. ಜರ್ಮನ್ ಸೈನಿಕರ ಟೋಪಿ ಹಾಕಿದ ಹುಡುಗ ಸೈಕಲ್ ಹತ್ತಿ ಹೊರಟಾಗ ರಿಚ್ಚಿ ಕೂಗುತ್ತ ಹಾರಿ ಒಂದು ಕಾರಿನ ಪಕ್ಕಕ್ಕೆ ಜೋತುಬೀಳುತ್ತಾನೆ. ಸಹಾಯಕ್ಕೆಂಬಂತೆ ಇನ್ನೊಬ್ಬನೂ ಜೋತುಬಿದ್ದು, ಅಗೋ ಅವನೇ ಎಂದು ಸುರಂಗದೊಳಗೆ ಹೋಗುವ ಬೇರೊಬ್ಬ ಸವಾರನ ಕಡೆಗೆ ಕೈ ತೋರಿಸುತ್ತಾನೆ. ಹೋಗಿ ಹಿಡಿದರೆ ಅವನು ಯಾರೋ ಅಮಾಯಕ. ಕೈ ತೋರಿಸಿದವನು ಕಳ್ಳನ ಕಡೆಯವನು. ಚಿತ್ರದಲ್ಲಿ ಅಪರಿಚಿತನೊಬ್ಬ ತಾನಾಗಿ ಮುಂದೆ ಬಂದು ನೆರವು ನೀಡುವ ಮೊದಲ ಸಂದರ್ಭವೇ ಹೀಗೆ ಮೋಸವಾಗುತ್ತದೆ. ಸೈಕಲ್ ಕದ್ದದ್ದಕ್ಕಿಂತ ಆ ಬೆರಳು ಮಾಡಿದ ಹಾನಿ ದೊಡ್ಡದು. ಇನ್ನು ಮುಂದೆ ಯಾರ ಬೆರಳನ್ನೂ ರಿಚ್ಚಿ ನಂಬಲಾರ. ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ, ಸೈಕಲ್ಲಿನ ನಂಬರು ಬರೆದುಕೊಳ್ಳುತ್ತಾರೆ, ಅಷ್ಟಕ್ಕೆ ಮುಗಿಯಿತು. ಬೇಕಾದರೆ ನೀನೇ ಹುಡುಕಿಕೋ ಎಂಬುದು ಅಧಿಕಾರಿಯ ಸಲಹೆ. ಸುದ್ದಿ ಏನಾದರೂ ಇದೆಯೇ ಎಂದು ಇಣುಕಿದ ಪತ್ರಕರ್ತನಿಗೆ ಏನಿಲ್ಲ, ಒಂದು ಸೈಕಲ್ ಅಷ್ಟೇ ಎಂಬ ಉತ್ತರ. ಪೊಲೀಸರು ಕೆಟ್ಟವರಲ್ಲ, ಲಂಚ ಕೇಳುವುದಿಲ್ಲ, ಗದರಿಸುವುದೂ ಕಡಿಮೆ. ಅವರ ಬಳಿ ರಿಚ್ಚಿಯ ದೂರಿಗೆ ಜಾಗವಿದೆ, ದುಃಖಕ್ಕಿಲ್ಲ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಊರಲ್ಲಿ ನಂಬಿಕೆಗೆ ಬರ ಬಂದಿದ್ದರೆ ರಿಚ್ಚಿಯ ಗೆಳೆಯ ಬಾಯೊಕ್ಕೊ ಯಾಕೆ ಇದ್ದಾನೆ? ಎಡಪಕ್ಷವೊಂದರ ನೆಲಮಾಳಿಗೆಯಲ್ಲಿ ಒಂದು ಕಡೆ ಸಭೆ, ಇನ್ನೊಂದು ಕಡೆ ಹಾಡು-ನಾಟಕದ ತಾಲೀಮು ನಡೆಯುತ್ತಿರುವಾಗ ರಿಚ್ಚಿ ಅಲ್ಲಿಗೆ ಬರುತ್ತಾನೆ. ನಗರಸಭೆಯ ಕಸದ ಕೆಲಸದವನಾದ ಗೆಳೆಯ ಬಾಯೊಕ್ಕೊ ಎರಡನೆಯ ಮಾತಾಡದೆ ಒಪ್ಪಿ, ಮರುದಿನ ಬೆಳಗಿನ ಜಾವ ತನ್ನ ಸಂಗಡಿಗರನ್ನೂ ಕಸದ ಗಾಡಿಯನ್ನೂ ಹೊರಡಿಸುತ್ತಾನೆ. ಪಿಯಾತ್ಸಾ ವಿತ್ತೋರಿಯೊ ಸಂತೆಯಲ್ಲಿ ಅವನು ಮಾಡುವ ಕೆಲಸ ಹಂಚಿಕೆ ನೋಡುವಂಥದ್ದು: ಕಳ್ಳಮಾಲು ಇಡಿಯಾಗಿ ಬರುವುದಿಲ್ಲ, ಬಿಡಿಬಿಡಿಯಾಗಿ ಬರುತ್ತದೆ, ಆದ್ದರಿಂದ ಒಬ್ಬ ಟೈರುಗಳನ್ನು ನೋಡಲಿ, ಒಬ್ಬ ಚೌಕಟ್ಟುಗಳನ್ನು, ಹುಡುಗ ಪಂಪು ಮತ್ತು ಗಂಟೆಗಳನ್ನು. ಇದು ನಿಜವಾದ ಒಗ್ಗಟ್ಟು, ಒಪ್ಪಬೇಕು. ಆದರೆ ಅದರ ಹರವು ಎಷ್ಟು ಎಂದು ನೋಡಿ. ಬಾಯೊಕ್ಕೊ ನೆರವಾಗುವುದು ರಿಚ್ಚಿ ಗೊತ್ತಿದ್ದವನು, ತನ್ನ ಬಳಗದವನು ಎಂಬುದಕ್ಕೆ. ಸಂತೆಗೆ ಕಾಲಿಟ್ಟ ಕೂಡಲೆ ಆ ಬಳಗದ ಮಾತು ನಡೆಯುವುದಿಲ್ಲ, ಅಲ್ಲಿ ಎದುರಾಳಿಗಳಾಗಿ ನಿಂತವರು ಇನ್ನೊಂದು ಬಳಗ. ಒಬ್ಬ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದಾನೆ. ರಿಚ್ಚಿಗೆ ಸಂಶಯ. ನಂಬರು ತೋರಿಸು ಎಂದರೆ ಅವನು ಒಪ್ಪುವುದಿಲ್ಲ. ತನ್ನ ಮರ್ಯಾದೆಯ ಪ್ರಶ್ನೆ ಅವನಿಗೆ. ಪೊಲೀಸನನ್ನು ಕರೆತರುತ್ತಾರೆ, ಬಣ್ಣದಡಿಯ ಅಂಕೆಗಳನ್ನು ಓದುತ್ತಾರೆ, ಅದು ಬೇರೆ ಸೈಕಲ್. ಆ ವ್ಯಾಪಾರಿ ನಿಜಕ್ಕೂ ನಿರಪರಾಧಿಯೇ ಅಥವಾ ಇನ್ನಾರದೋ ಸೈಕಲ್ಲಿಗೆ ಬಣ್ಣ ಬಳಿಯುತ್ತಿದ್ದನೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಅಷ್ಟರಲ್ಲಿ ಗಂಟೆಗಳ ಅಂಗಡಿಯ ಬಳಿ ಬ್ರೂನೊನ ಪಕ್ಕಕ್ಕೆ ಒಬ್ಬ ಸಭ್ಯ ಉಡುಪಿನ ಅಪರಿಚಿತ ಬಂದು ತೀರ ಹತ್ತಿರ ನಿಲ್ಲುತ್ತಾನೆ. ಆ ಹೊತ್ತಿಗೆ ಪ್ರೇಕ್ಷಕನಿಗೂ ಯಾರನ್ನು ನೋಡಿದರೂ ಅನುಮಾನ.

ಬಾಯೊಕ್ಕೊನ ನೆಲಮಾಳಿಗೆಯ ಜೊತೆಗೆ ಇಡಬೇಕಾದ ಇನ್ನೊಂದು ಜಾಗ ಇಗರ್ಜಿ. ಪೋರ್ತಾ ಪೊರ್ತೇಸೆ ಎಂಬಲ್ಲಿನ ಇನ್ನೊಂದು ಸಂತೆ ಮಳೆ ಸುರಿದು ಚದುರಿದಾಗ ತಂದೆ-ಮಗ ಗೋಡೆಗೆ ಒತ್ತಿ ನಿಲ್ಲುತ್ತಾರೆ. ಪಕ್ಕದಲ್ಲಿ ಜರ್ಮನ್ ಮಾತಾಡುವ ಎಳೆಯ ಪಾದ್ರಿ ವಿದ್ಯಾರ್ಥಿಗಳ ಹಿಂಡು. (ಅವರಲ್ಲೊಬ್ಬನಾಗಿ ನಿಂತ ತರುಣ ಸೆರ್ಜೊ ಲಿಯೋನೆ, ಮುಂದೆ ಕೌಬಾಯ್ ಚಿತ್ರಗಳಿಂದ ಲೋಕಪ್ರಸಿದ್ಧನಾದವನು.) ಕಳ್ಳನೊಡನೆ ಮಾತಾಡುತ್ತಿದ್ದ ಮುದುಕನೊಬ್ಬನ ಬೆನ್ನುಹತ್ತಿ ರಿಚ್ಚಿ ಇಗರ್ಜಿಗೆ ನುಗ್ಗುತ್ತಾನೆ. ಅಲ್ಲಿ ಶ್ರೀಮಂತ ಮನೆತನದ ಧರ್ಮಿಷ್ಠರು ಭಾನುವಾರದ ಸೇವೆ ನಡೆಸಿದ್ದಾರೆ. ಬಡವರ ಗಡ್ಡ ಹೆರೆಯುತ್ತಾರೆ, ಪ್ರಾರ್ಥನೆಗೆ ಸಾಲಾಗಿ ಕೂರಿಸುತ್ತಾರೆ, ಆಮೇಲೆ ಸೂಪು. ಪ್ರಾರ್ಥನೆ ಮುಗಿಯುವ ಮುನ್ನ ಯಾರೂ ಜಾರಿಕೊಳ್ಳದಂತೆ ಬಾಗಿಲಿಗೆ ಬೀಗ ಹಾಕಿದ್ದಾರೆ. ಕೊಡುವವರೇ ಪಡೆಯುವವರನ್ನು ನಂಬುತ್ತಿಲ್ಲ. ಮುದುಕ ರಿಚ್ಚಿಗೆ ಒಂದು ವಿಳಾಸ ಉಸುರಿ, ಗದ್ದಲದಲ್ಲಿ ಮಾಯವಾಗುತ್ತಾನೆ. ಇಟಲಿಯ ಅಂದಿನ ರಾಜಕೀಯ ಗೊತ್ತಿದ್ದವರಿಗೆ ನೆಲಮಾಳಿಗೆ ಮತ್ತು ಇಗರ್ಜಿಯ ಈ ಜೋಡಿ ಆಕಸ್ಮಿಕ ಅನ್ನಿಸದು. 1948ರ ಏಪ್ರಿಲ್ ಚುನಾವಣೆಯಲ್ಲಿ ದೇಶ ಕ್ಯಾಥೊಲಿಕ್ ಪಕ್ಷ ಮತ್ತು ಎಡಪಕ್ಷಗಳ ನಡುವೆ ಎರಡಾಗಿ ಒಡೆದಿತ್ತು. ಅದೇ ವರ್ಷ ಕಾರ್ಮಿಕರ ದೊಡ್ಡ ಒಕ್ಕೂಟವೂ ಒಡೆದು ಕ್ಯಾಥೊಲಿಕರು ಹೊರನಡೆದರು. ಎರಡೂ ಕಡೆಯವರಿಗೆ ತಮ್ಮ ತಮ್ಮೊಳಗೆ ವಿಶ್ವಾಸವಿತ್ತು. ಎರಡರ ನಡುವಿನ ಬೀದಿಯಲ್ಲಿ ರಿಚ್ಚಿ ಒಬ್ಬನೇ ನಡೆಯುತ್ತಿದ್ದ.

ನನ್ನ ವಾದಕ್ಕೆ ಅತಿ ಬಲವಾದ ಪುರಾವೆ ಪಾನಿಕೊ ಬೀದಿಯ ದೃಶ್ಯ. ರಿಚ್ಚಿ ಕೊನೆಗೂ ಕಳ್ಳನನ್ನು ಹಿಡಿಯುತ್ತಾನೆ. ಅವನು ವೇಶ್ಯಾಗೃಹದೊಳಗೆ ನುಗ್ಗಿದರೂ ಬಿಡದೆ ಎಳೆದು ತಂದು ಬೀದಿಯಲ್ಲಿ ನಿಲ್ಲಿಸುತ್ತಾನೆ. ಅದು ಕಳ್ಳನ ಸ್ವಂತ ಕೇರಿ. ಕಿಟಕಿಗಳು ತೆರೆಯುತ್ತವೆ, ಗಂಡಸರು ಒಬ್ಬೊಬ್ಬರಾಗಿ ಬಂದು ಸುತ್ತುವರಿಯುತ್ತಾರೆ, ಹುಡುಗನಿಗೆ ಮೂರ್ಛೆ ಬಂದು ನೆಲಕ್ಕೆ ಬೀಳುತ್ತಾನೆ, ತಾಯಿ ಮೇಲಿನಿಂದ ಅರಚುತ್ತಾಳೆ. ಬ್ರೂನೊ ಕರೆತಂದ ಪೊಲೀಸ್ ಪೇದೆ ಮನೆ ಜಾಲಾಡುತ್ತಾನೆ. ಇಕ್ಕಟ್ಟಿನ ಗೂಡಿನಂಥ ಮನೆ, ರಿಚ್ಚಿಯ ಮನೆಗಿಂತ ಹೀನ ಸ್ಥಿತಿ. ಸೈಕಲ್ ಇಲ್ಲ. ಪೇದೆ ಕಿಟಕಿಯ ಬಳಿ ರಿಚ್ಚಿಗೆ ಬುದ್ಧಿ ಹೇಳುತ್ತಾನೆ: ನಿನಗೆ ಸಾಕ್ಷಿ ಯಾರು? ಕೆಳಗಿರುವವರೆಲ್ಲ ಅವನ ಸಾಕ್ಷಿಗಳು. ಬಾಯೊಕ್ಕೊನ ಬಳಗ ರಿಚ್ಚಿಗಾಗಿ ಏನು ಮಾಡಿತೋ ಅದನ್ನೇ ಈ ಕೇರಿ ತನ್ನ ಹುಡುಗನಿಗಾಗಿ ಮಾಡುತ್ತಿದೆ, ಇನ್ನೂ ಸಮರ್ಥವಾಗಿ. ಒಂದನ್ನು ಕಾರ್ಮಿಕರ ಒಗ್ಗಟ್ಟು ಎಂದು ಮೆಚ್ಚಿ, ಇನ್ನೊಂದನ್ನು ಪುಂಡರ ಕೂಟ ಎಂದು ಹಳಿಯುವುದು ಸುಲಭ; ಚಿತ್ರ ಆ ಸುಲಭದ ದಾರಿ ಹಿಡಿದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಕಳವು ನಡೆದಾಗ ಕಳ್ಳನ ಮುಖವನ್ನು ನಾವು ನೋಡಿದ್ದೇವೆ, ಆದ್ದರಿಂದ ಇವನೇ ಅವನು ಎಂದು ಬಲ್ಲೆವು. ನಮಗೆ ಸತ್ಯ ಗೊತ್ತು, ಆದರೆ ಕೈಯಲ್ಲಿ ಪುರಾವೆಯಿಲ್ಲ. ರಿಚ್ಚಿಯ ಮಾತನ್ನು ಬರಿಯ ಮಾತೆಂದು ನಂಬುವ ಒಬ್ಬನೇ ಒಬ್ಬ ಅಪರಿಚಿತ ಆ ಬೀದಿಯಲ್ಲಿದ್ದಿದ್ದರೆ ಸಾಕಿತ್ತು ಎಂಬ ಚಡಪಡಿಕೆ ನಮ್ಮಲ್ಲಿ ಹುಟ್ಟುವುದು ಇದರಿಂದ.

ಹೀಗೆ ಓದುವುದಕ್ಕೆ ಎದುರಾಗುವ ಗಂಭೀರ ಆಕ್ಷೇಪ ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್‌ನಿಂದ ಬರುತ್ತದೆ. 1949ರ ತನ್ನ ಪ್ರಸಿದ್ಧ ಲೇಖನದಲ್ಲಿ ಆತ ಚಿತ್ರದ ಒಳಗಿನ ಪ್ರತಿಪಾದನೆಯನ್ನು ಸ್ಪಷ್ಟವಾಗಿ ಗುರುತಿಸಿದ: ಈ ಕಾರ್ಮಿಕ ಬದುಕುವ ಲೋಕದಲ್ಲಿ ಬಡವರು ಉಳಿಯಬೇಕಾದರೆ ಒಬ್ಬರಿಂದೊಬ್ಬರು ಕದಿಯಲೇಬೇಕು, ಈ ಮಾತನ್ನು ಚಿತ್ರ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದೇ ಅದರ ಹಿರಿಮೆ. ಹಾಗಾದರೆ ಮೂಲ ಬಡತನವೇ ಅಲ್ಲವೇ, ಅಪನಂಬಿಕೆ ಅದರ ನೆರಳು ಮಾತ್ರವಲ್ಲವೇ? ಅಪನಂಬಿಕೆಯನ್ನು ಮುಂದೆ ಮಾಡಿದರೆ ವ್ಯವಸ್ಥೆಯ ತಪ್ಪನ್ನು ಬಡವರ ಸ್ವಭಾವದ ಮೇಲೆ ಹೊರಿಸಿದಂತಾಗದೇ? ಬಜಾನ್‌ನ ಮಾತು ಕಳವಿನ ಮಟ್ಟಿಗೆ ಸರಿ. ಆದರೆ ಚಿತ್ರದಲ್ಲಿ ಕಳವು ಎರಡೇ ಸಲ, ಅದೂ ಆರಂಭಕ್ಕೆ ಮತ್ತು ಅಂತ್ಯಕ್ಕೆ. ನಡುವಿನದೆಲ್ಲ ವಿಚಾರಣೆ, ವಾಗ್ವಾದ, ಬೇಡಿಕೆ. ರಿಚ್ಚಿ ಜನರ ಬಳಿ ಹಣ ಕೇಳುವುದಿಲ್ಲ. ತನ್ನ ಮಾತು ಕೇಳಿ ಎನ್ನುತ್ತಾನೆ. ಬಡತನ ಇದಕ್ಕೆ ಕಾರಣವಾಗುವ ಬಗೆಯನ್ನು ಊಟದ ಹೋಟೆಲಿನ ದೃಶ್ಯ ಬಿಡಿಸಿ ತೋರಿಸುತ್ತದೆ. ಬ್ರೂನೊ ಚೀಸ್ ತುಂಬಿ ಕರಿದ ಬ್ರೆಡ್ಡನ್ನು ನೂಲಿನಂತೆ ಎಳೆದು ತಿನ್ನುತ್ತಿರುವಾಗ, ಪಕ್ಕದ ಮೇಜಿನ ಸಿರಿವಂತ ಹುಡುಗ ತಿರುತಿರುಗಿ ನೋಡುತ್ತಿರುವಾಗ, ರಿಚ್ಚಿ ಮಗನ ಕೈಗೆ ಪೆನ್ಸಿಲ್ ಕೊಟ್ಟು ತಾನು ಕಳೆದುಕೊಂಡ ಸಂಬಳದ ಲೆಕ್ಕ ಬರೆಸುತ್ತಾನೆ. ಆ ಮೊತ್ತದಲ್ಲಿ ತಪ್ಪಿಗೆ, ತಡಕ್ಕೆ, ಉದಾರತೆಗೆ ಎಡೆಯೇ ಇಲ್ಲ. ಅಪರಿಚಿತನನ್ನು ನಂಬಿ ಮೋಸಹೋದರೆ ಉಳ್ಳವನಿಗೆ ಒಂದು ದಿನ ಕೆಡುತ್ತದೆ, ಇಲ್ಲದವನಿಗೆ ವರ್ಷ ಕೆಡುತ್ತದೆ. ಹೀಗೆ ನೋಡಿದರೆ ಅಪನಂಬಿಕೆ ಬಡವರ ಸ್ವಭಾವದೋಷವಲ್ಲ, ಅವರ ಮೇಲೆ ಹೇರಿದ ಇನ್ನೊಂದು ತೆರಿಗೆ. ಬಜಾನ್‌ನ ಸೂತ್ರವನ್ನು ಇದು ಅಲ್ಲಗಳೆಯುವುದಿಲ್ಲ. ಬಡತನದಿಂದ ಕಳವಿಗೆ ಹೋಗುವ ದಾರಿಯ ನಡುವಣ ಮೆಟ್ಟಿಲನ್ನು ತೋರಿಸುತ್ತದೆ.

ಎಡ-ಬಲ ಎರಡೂ ಕಡೆಯ ರಾಜಕೀಯ ಟೀಕೆಗಳನ್ನು ಬೇಗ ನೋಡಿ ಮುಂದೆ ಹೋಗಬಹುದು. ಎಡಪಂಥೀಯರಲ್ಲಿ ಕೆಲವರಿಗೆ ರಿಚ್ಚಿ ತೀರ ಒಂಟಿ. ಸಂಘಟನೆಯಲ್ಲಿ ಪರಿಹಾರ ಕಾಣದೆ ಕಣ್ಣೀರಿನಲ್ಲಿ ಕೊನೆಯಾಗುವ ಕಾರ್ಮಿಕ ಅವರಿಗೆ ಸಮ್ಮತನಲ್ಲ. ಬಲಪಂಥೀಯರದು ಬೇರೆ ತಕರಾರು. ಮುಂದೆ ಪ್ರಧಾನಿಯಾದ ಜೂಲಿಯೊ ಆಂದ್ರಿಯೊತ್ತಿ 1952ರಲ್ಲಿ, ದೆ ಸೀಕಾನ 'ಉಂಬೆರ್ತೊ ಡಿ' ಬಂದಾಗ, ಇಂಥ ಚಿತ್ರಗಳು ದೇಶದ ಮಾನ ಕಳೆಯುತ್ತವೆ ಎಂಬರ್ಥದಲ್ಲಿ ಬಹಿರಂಗವಾಗಿ ಬರೆದ. ಎರಡು ಕಡೆಯವರೂ ಚಿತ್ರ ತಮ್ಮ ಪರ ಸಾಕ್ಷಿ ಹೇಳಲಿಲ್ಲ ಎಂದು ಮುನಿದವರು. ಅಮೆರಿಕದ ಸೆನ್ಸಾರ್ ವ್ಯವಸ್ಥೆಯ ಆಕ್ಷೇಪವಂತೂ ಹಾಸ್ಯಾಸ್ಪದ: ಬ್ರೂನೊ ಗೋಡೆ ಪಕ್ಕ ಮೂತ್ರಕ್ಕೆ ನಿಲ್ಲಲು ಹೊರಡುವ ಕ್ಷಣ, ವೇಶ್ಯಾಗೃಹದ ದೃಶ್ಯ, ಇವೆರಡನ್ನೂ ಕತ್ತರಿಸಬೇಕಂತೆ. ವಿತರಕ ಜೋಸೆಫ್ ಬರ್ಸ್ಟಿನ್ ಒಪ್ಪದೆ, ಅನುಮೋದನೆಯ ಮುದ್ರೆ ಇಲ್ಲದೆಯೇ ಚಿತ್ರ ಓಡಿಸಿದ.

ಇದಕ್ಕಿಂತ ತೂಕದ ಪ್ರಶ್ನೆ ಕುಟುಂಬದ್ದು. ಊರು ನಂಬದಿದ್ದರೂ ಮಗ ನಂಬುತ್ತಾನಲ್ಲ, ಕೊನೆಯಲ್ಲಿ ತಂದೆಯ ಕೈ ಹಿಡಿಯುತ್ತಾನಲ್ಲ, ನಂಬಿಕೆ ಅಲ್ಲಿ ಗೆಲ್ಲುತ್ತದಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೆ ಆ ಕೈ ಹಿಡಿಯುವುದಕ್ಕೆ ಮುಂಚೆ ನಡೆದದ್ದನ್ನು ಮರೆಯಬಾರದು. ಬ್ರೂನೊ ಮೊದಲಿನಿಂದ ತಂದೆಗಿಂತ ಎಚ್ಚರದವನು. ಪೆಟ್ರೋಲ್ ಬಂಕಿನಲ್ಲಿ ದುಡಿಯುವ ಆ ಪುಟ್ಟ ಹುಡುಗ, ಗಿರವಿಯಿಂದ ಬಿಡಿಸಿ ತಂದ ಸೈಕಲನ್ನು ಒರೆಸುತ್ತ, ಅಂಗಡಿಯವರು ಮಾಡಿದ ನೆಗ್ಗನ್ನು ಕಂಡುಹಿಡಿದು, ಅಲ್ಲೇ ಯಾಕೆ ಕೇಳಲಿಲ್ಲ ಎಂದು ತಂದೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಇಗರ್ಜಿಯಿಂದ ಮುದುಕ ತಪ್ಪಿಸಿಕೊಂಡಾಗಲೂ ತಪ್ಪು ತಂದೆಯದೆಂದು ಹೇಳುವವನು ಅವನೇ. ರಿಚ್ಚಿ ಕಪಾಳಕ್ಕೆ ಬಾರಿಸುತ್ತಾನೆ. ಮಗ ಅಳುತ್ತ ಹತ್ತು ಹೆಜ್ಜೆ ಹಿಂದೆ ಉಳಿಯುತ್ತಾನೆ, ಅಮ್ಮನಿಗೆ ಹೇಳುತ್ತೇನೆ ಎನ್ನುತ್ತಾನೆ. ನದಿಯ ಕಡೆಯಿಂದ ಯಾವನೋ ಹುಡುಗ ಮುಳುಗುತ್ತಿದ್ದಾನೆ ಎಂಬ ಕೂಗು ಕೇಳಿ ರಿಚ್ಚಿಯ ಜೀವ ಬಾಯಿಗೆ ಬರುತ್ತದೆ. ಅದು ಬೇರೆ ಹುಡುಗ; ಹೋಟೆಲಿನ ಊಟ ಆ ಗಾಬರಿಯ ಪ್ರಾಯಶ್ಚಿತ್ತ. ಮೂಢನಂಬಿಕೆ ಎಂದು ತಾನೇ ಹೀಯಾಳಿಸಿದ್ದ ಕಣಿಯವಳ ಮನೆಗೆ ಅವನು ಊಟದ ನಂತರ ಮಗನನ್ನು ಕರೆದುಕೊಂಡು ಹೋಗುತ್ತಾನೆ. ಈಗಲೇ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಎಂದೂ ಸಿಗದು ಎಂಬುದು ಅವಳ ಕಣಿ. ಪೊಲೀಸು, ಪಕ್ಷ, ಇಗರ್ಜಿ ಮೂರೂ ಕೈಬಿಟ್ಟವನಿಗೆ ಉಳಿದ ಕಚೇರಿ ಅದು; ಬೇರೆಯವರ ಹಾಗೆ ಅವಳೂ ಸಾಲಿನಲ್ಲಿ ಕೂರಿಸಿ, ಸರದಿ ಬಂದಾಗ ಮಾತಾಡಿ, ಹಣ ಪಡೆಯುತ್ತಾಳೆ.

ಇಷ್ಟೆಲ್ಲ ಆದಮೇಲೆ ಬರುವ ಕ್ರೀಡಾಂಗಣದ ದೃಶ್ಯದಲ್ಲಿ ಮಾತು ಬಹಳ ಕಡಿಮೆ. ಒಳಗೆ ಫುಟ್‌ಬಾಲ್ ಪಂದ್ಯ, ಹೊರಗೆ ಸಾವಿರಾರು ಪ್ರೇಕ್ಷಕರ ಸೈಕಲ್ಲುಗಳ ಸಾಲು, ಪಕ್ಕದ ಬೀದಿಯ ಬಾಗಿಲೊಂದರಲ್ಲಿ ಒರಗಿಸಿಟ್ಟ ಒಂಟಿ ಸೈಕಲ್. ರಿಚ್ಚಿ ಅತ್ತ ನೋಡುತ್ತಾನೆ, ಇತ್ತ ನೋಡುತ್ತಾನೆ, ಟೋಪಿ ತೆಗೆದು ಹಾಕಿಕೊಳ್ಳುತ್ತಾನೆ. ಮಗನಿಗೆ ಟ್ರ್ಯಾಮಿಗೆ ಹಣ ಕೊಟ್ಟು ಮುಂದೆ ಹೋಗಿ ಕಾಯಲು ಹೇಳುತ್ತಾನೆ. ಬ್ರೂನೊಗೆ ಟ್ರ್ಯಾಮ್ ತಪ್ಪುತ್ತದೆ. ಆದ್ದರಿಂದ ಎಲ್ಲವನ್ನೂ ನೋಡುತ್ತಾನೆ: ತಂದೆ ಸೈಕಲ್ ಹತ್ತಿದ್ದು, ಮಾಲೀಕ ಕೂಗಿದ್ದು, ಜನ ಬೆನ್ನಟ್ಟಿ ಎಳೆದು ಕೆಡವಿದ್ದು, ಕೆನ್ನೆಗೆ ಬಿದ್ದ ಏಟು, ಉರುಳಿದ ಟೋಪಿ. ಗಮನಿಸಬೇಕಾದ್ದು ಆ ಜನರ ಚುರುಕು. ಹಿಂದಿನ ದಿನ ರಿಚ್ಚಿ ಕಳ್ಳ, ಕಳ್ಳ ಎಂದು ಅರಚಿದಾಗ ಬೀದಿ ನಿಂತು ನೋಡಿತ್ತು. ಇಂದು ಅದೇ ಕೂಗಿಗೆ ಹತ್ತಾರು ಜನ ಧಾವಿಸಿ ಬರುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅನ್ಯಾಯ ಅನ್ನಿಸುತ್ತದೆ, ನಿಜ. ಆದರೆ ಆ ಜನ ಕೂಗಿದವನ ಮಾತನ್ನು ನಂಬಿ ಬಂದವರು. ಇಡೀ ಚಿತ್ರದಲ್ಲಿ ಅಪರಿಚಿತನ ಮಾತಿಗೆ ಬೀದಿ ಓಗೊಡುವ ಏಕೈಕ ಪ್ರಸಂಗ ಇದು, ಅದು ರಿಚ್ಚಿಯ ವಿರುದ್ಧ. ಠಾಣೆಗೆ ಎಳೆದೊಯ್ಯಲು ಹೊರಟವರನ್ನು ಮಾಲೀಕ ತಡೆಯುತ್ತಾನೆ. ತಂದೆಯ ಕೋಟು ಜಗ್ಗುತ್ತ ಅಳುತ್ತಿದ್ದ ಬ್ರೂನೊನನ್ನು ನೋಡಿ, ದೂರು ಬೇಡ, ಬಿಟ್ಟುಬಿಡಿ ಎನ್ನುತ್ತಾನೆ. ಅವನು ರಿಚ್ಚಿಯನ್ನು ನಂಬಿದನೆಂದು ಹೇಳಲಾಗದು. ಕಣ್ಣೆದುರೇ ಕದ್ದವನನ್ನು ನಂಬುವುದೇನು. ಆದರೆ ಸಾಕ್ಷಿ, ನಂಬರು, ಕಾಗದ ಎಲ್ಲವೂ ತನ್ನ ಪರವಿದ್ದಾಗ ಅವನ್ನು ಬಳಸದೆ ಬಿಟ್ಟವನು ಇವನೊಬ್ಬನೇ. ಹೆಸರಿಲ್ಲದ ಪಾತ್ರ, ತೆರೆಯ ಮೇಲೆ ಒಂದೆರಡು ನಿಮಿಷ. ಬಿಟ್ಟು ಹೊರಡುವಾಗ ಗುಂಪಿನವನೊಬ್ಬ ಮಗನಿಗೆ ಒಳ್ಳೆಯ ಪಾಠ ಕಲಿಸುತ್ತೀಯ ಎಂದು ಚುಚ್ಚುವುದನ್ನೂ ದೆ ಸೀಕಾ ಬಿಟ್ಟಿಲ್ಲ. ಕ್ಷಮೆಯನ್ನು ಸಿಹಿ ಮಾಡುವ ಮನಸ್ಸು ಆತನಿಗಿರಲಿಲ್ಲ.

ಇಷ್ಟು ಜೋಡಿಸಿದ ಸಾಮ್ಯ-ವೈಷಮ್ಯಗಳ ಕಥೆಯನ್ನು ವಾಸ್ತವ ಎಂದು ಹೇಗೆ ಕರೆಯುವುದು ಎಂದು ಕೇಳಬಹುದು. ನಿಜ, ಇದು ಬೀದಿಯಲ್ಲಿ ಎತ್ತಿಕೊಂಡ ಸುದ್ದಿಚಿತ್ರವಲ್ಲ. ಹಲವು ಲೇಖಕರು ತಿದ್ದಿ ತೀಡಿದ ಚಿತ್ರಕಥೆ, ಅಂದಿನ ಇಟಲಿಯ ವಾಡಿಕೆಯಂತೆ ಆಮೇಲೆ ಜೋಡಿಸಿದ ಧ್ವನಿ. ಲುಯಿಜಿ ಬಾರ್ತೊಲೀನಿಯ 1946ರ ಮೂಲ ಕಾದಂಬರಿಯಲ್ಲಿ ಸೈಕಲ್ ಕಳೆದುಕೊಳ್ಳುವವನು ಕಲಾವಿದ, ಅವನಿಗೆ ಅದು ಮರಳಿ ಸಿಗುತ್ತದೆ. ಜವಾತ್ತೀನಿ ನಾಯಕನನ್ನು ಕಾರ್ಮಿಕನನ್ನಾಗಿಸಿ, ಸೈಕಲ್ ಸಿಗದಂತೆ ಮಾಡಿದ. ಬಾರ್ತೊಲೀನಿಗೆ ಇದು ಹಿಡಿಸಲಿಲ್ಲ. ಹಾಲಿವುಡ್ಡಿನ ಡೇವಿಡ್ ಸೆಲ್ಜ್ನಿಕ್ ಕ್ಯಾರಿ ಗ್ರಾಂಟ್ ನಾಯಕನಾಗುವುದಾದರೆ ಹಣ ಹೂಡುತ್ತೇನೆ ಎಂದಾಗ ದೆ ಸೀಕಾ ಒಪ್ಪದೆ, ಬ್ರೆದಾ ಕಾರ್ಖಾನೆಯ ಕೆಲಸಗಾರ ಲಂಬೆರ್ತೊ ಮಜೊರಾನಿಯನ್ನು ಆರಿಸಿದ. ಮರಿಯಾಳ ಪಾತ್ರಕ್ಕೆ ಪತ್ರಕರ್ತೆ ಲಿಯಾನೆಲ್ಲಾ ಕರೆಲ್, ಬ್ರೂನೊ ಆಗಿ ಬೀದಿಯಲ್ಲಿ ಕಣ್ಣಿಗೆ ಬಿದ್ದ ಎಂಜೊ ಸ್ತಾಯೊಲಾ. ಈ ಆಯ್ಕೆಗೂ ನಮ್ಮ ವಿಷಯಕ್ಕೂ ಸಂಬಂಧವಿದೆ. ತಾರೆಯ ಮುಖವನ್ನು ಪ್ರೇಕ್ಷಕ ಮೊದಲೇ ನಂಬಿರುತ್ತಾನೆ. ಮಜೊರಾನಿಯನ್ನು ಯಾರೂ ಕಂಡಿರಲಿಲ್ಲ. ಊರಿನವರಿಗೆ ರಿಚ್ಚಿ ಎಷ್ಟು ಅಪರಿಚಿತನೋ ಪ್ರೇಕ್ಷಕನಿಗೂ ಅಷ್ಟೇ. ಚಿತ್ರ ಮುಗಿದ ಮೇಲೆ ಮಜೊರಾನಿ ಕಾರ್ಖಾನೆಯ ಕೆಲಸ ಕಳೆದುಕೊಂಡ. ನಟನೆಯಲ್ಲೂ ಅವನಿಗೆ ನೆಲೆ ಸಿಗಲಿಲ್ಲ.

ಯುದ್ಧ ಮುಗಿದ ಬೇರೆ ನಗರಗಳಿಂದಲೂ ಆ ಒಂದೆರಡು ವರ್ಷಗಳಲ್ಲೇ ಇಂಥ ಚಿತ್ರಗಳು ಬಂದವು. ರೊಬೆರ್ತೊ ರೊಸೆಲ್ಲೀನಿಯ 'ಜರ್ಮನಿ ಇಯರ್ ಜೀರೊ'ದ ಬರ್ಲಿನ್ ಇದಕ್ಕಿಂತ ಕ್ರೂರ. ಅಲ್ಲಿ ಹುಡುಗ ಎಡ್ಮಂಡ್ ತನ್ನ ಹಳೆಯ ಮೇಷ್ಟರ ನಾತ್ಸಿ ಮಾತನ್ನು ನಂಬಿಯೇ ಕೆಡುತ್ತಾನೆ. ಹೋಲಿಕೆಗೆ ಇನ್ನೂ ಹತ್ತಿರವಾದದ್ದು ಅಕಿರಾ ಕುರೊಸಾವನ 1949ರ 'ಸ್ಟ್ರೇ ಡಾಗ್'. ಟೋಕಿಯೊದ ಬಸ್ಸಿನಲ್ಲಿ ಎಳೆಯ ಪತ್ತೇದಾರ ಮುರಾಕಾಮಿಯ ಪಿಸ್ತೂಲು ಕಳುವಾಗುತ್ತದೆ, ಅವನೂ ಕಾಳಸಂತೆಯ ಗಲ್ಲಿಗಳನ್ನು ಸುತ್ತುತ್ತಾನೆ. ಅಲ್ಲಿ ಪಿಸ್ತೂಲನ್ನು ಬಾಡಿಗೆಗೆ ಕೊಡುವವರು ಅಕ್ಕಿಯ ಪಡಿತರ ಚೀಟಿಯನ್ನು ಒತ್ತೆಯಿಟ್ಟುಕೊಳ್ಳುತ್ತಾರೆ. ಕಳ್ಳನೂ ಪತ್ತೇದಾರನೂ ಯುದ್ಧದಿಂದ ಮರಳುವಾಗ ಬೆನ್ನಚೀಲ ಕಳೆದುಕೊಂಡ ಸೈನಿಕರು ಎಂದು ತಿಳಿದಾಗ ಅದು ರಿಚ್ಚಿ ಮತ್ತು ಟೋಪಿಯ ಹುಡುಗನ ಜೋಡಿಯನ್ನು ನೆನಪಿಸುತ್ತದೆ. ವ್ಯತ್ಯಾಸ ಇಷ್ಟೇ: ಮುರಾಕಾಮಿಯ ಬೆನ್ನಿಗೆ ಇಲಾಖೆಯಿದೆ, ಸಾತೊನಂಥ ಹಿರಿಯ ಅಧಿಕಾರಿಯಿದ್ದಾನೆ, ಅವನ ಮಾತನ್ನು ನಂಬುವುದು ಒಂದು ಸಂಸ್ಥೆಯ ಕೆಲಸ. ಪಿಸ್ತೂಲು ಸಿಗುತ್ತದೆ.

ಅಮೆರಿಕದ ಅಕಾಡೆಮಿ 'ಬೈಸಿಕಲ್ ಥೀವ್ಸ್'ಗೆ ವಿಶೇಷ ಗೌರವ ಪ್ರಶಸ್ತಿ ನೀಡಿತು. 1952ರಲ್ಲಿ ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ ವಿಮರ್ಶಕರ ಮತ ಕೇಳಿದಾಗ ಇದಕ್ಕೆ ಮೊದಲ ಸ್ಥಾನ ಬಂತು. 1950ರಲ್ಲಿ ಲಂಡನ್ನಿನಲ್ಲಿ ಇದನ್ನು ಕಂಡ ಸತ್ಯಜಿತ್ ರಾಯ್ ತಮ್ಮ ಮೊದಲ ಚಿತ್ರವನ್ನು ಹೀಗೆಯೇ ಹೊರಾಂಗಣದಲ್ಲಿ, ಹೊಸಬರನ್ನಿಟ್ಟುಕೊಂಡು ಮಾಡಬಹುದೆಂದು ನಿಶ್ಚಯಿಸಿದರು. 1955ರ 'ಪಥೇರ್ ಪಾಂಚಾಲಿ' ಅದರ ಫಲ. 1952ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮದ್ರಾಸು ಮೊದಲಾದ ಊರುಗಳಿಗೂ ಹೋದ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಈ ಚಿತ್ರ ನಮ್ಮವರ ಕಣ್ಣಿಗೆ ಬಿತ್ತು, ಮರುವರ್ಷ ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' ಬಂತು. ಜಮೀನ್ದಾರನ ಸಾಲ ತೀರಿಸಲು ಕಲ್ಕತ್ತಕ್ಕೆ ಬಂದ ರೈತ ಶಂಭುವಿನ ಗಂಟುಮೂಟೆ ಅವನು ಮಲಗಿದ್ದಾಗಲೇ ಕಳುವಾಗುತ್ತದೆ. ಮಗ ಬೂಟ್ ಪಾಲಿಶ್ ಮಾಡುತ್ತಾನೆ, ಕದ್ದ ಹಣ ತಂದು ತಂದೆಯ ಕೋಪಕ್ಕೆ ಗುರಿಯಾಗುತ್ತಾನೆ. ಋಣ ಎದ್ದುಕಾಣುತ್ತದೆ, ಆದರೆ ತೂಕ ಬೇರೆ ಕಡೆ ವಾಲಿದೆ. ಕಲ್ಕತ್ತದ ಕೊಳೆಗೇರಿ ಗುರುತಿಲ್ಲದ ಶಂಭುವಿಗೆ ಒಂದು ಮೂಲೆ ಕೊಡುತ್ತದೆ, ಮುದಿ ರಿಕ್ಷಾವಾಲನೊಬ್ಬ ಅವನಿಗೆ ಕಸುಬು ಕಲಿಸುತ್ತಾನೆ. ಬಿಮಲ್ ರಾಯ್ ಅವರ ಚಿತ್ರದಲ್ಲಿ ವೈರಿಯ ಹೆಸರು ಗೊತ್ತು, ವಿಳಾಸ ಗೊತ್ತು, ಅವನು ಊರಿನ ದೊಡ್ಡ ಮನೆಯಲ್ಲಿದ್ದಾನೆ. ಆದ್ದರಿಂದ ಬಡವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಬೇಕಾದ ಅಗತ್ಯ ಅಲ್ಲಿ ಅಷ್ಟಾಗಿ ಬೀಳುವುದಿಲ್ಲ.